ಕದನವಿರಾಮದ ಸೈನಿಕರು: ನೂರು ವರ್ಷಗಳ ಯುದ್ಧ ಮತ್ತು ರಾಜಾಧಿಕಾರ

ಯುದ್ಧ ಬಂದರೆ ದೊರೆಯ ಕೈ ಬಲವಾಗುತ್ತದೆ ಎಂಬುದು ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಚರ್ಚೆಯಿಲ್ಲದೆ ಸಾಗಿಬಂದಿರುವ ಮಾತು. ಇದಕ್ಕೆ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ 1337ರಲ್ಲಿ ಶುರುವಾಗಿ 1453ರಲ್ಲಿ ಮುಗಿದ ಇಂಗ್ಲೆಂಡ್–ಫ್ರಾನ್ಸ್ ಯುದ್ಧ, ನೂರು ವರ್ಷಗಳ ಯುದ್ಧವೆಂದು ನಾವು ಕರೆಯುವುದು. ಶುರುವಾದಾಗ ಫ್ರಾನ್ಸಿನ ದೊರೆಗೆ ವರ್ಷಪೂರ್ತಿ ಸಂಬಳ ತಿನ್ನುವ ಸೈನ್ಯವಿರಲಿಲ್ಲ, ವರ್ಷವರ್ಷ ತಾನಾಗಿ ಬರುವ ಸಾರ್ವತ್ರಿಕ ತೆರಿಗೆಯೂ ಇರಲಿಲ್ಲ. ಮುಗಿಯುವ ಹೊತ್ತಿಗೆ ಎರಡೂ ಇದ್ದವು. ಆದರೆ ಅದೇ ಯುದ್ಧವನ್ನು, ಅಷ್ಟೇ ಕಾಲ, ಎದುರು ಪಾಳೆಯದಲ್ಲಿ ನಿಂತು ಮಾಡಿದ ಇಂಗ್ಲೆಂಡಿನ ದೊರೆಗೆ ಇವೆರಡೂ ಸಿಗಲಿಲ್ಲ. ಅಲ್ಲಿ ಬಲಿತದ್ದು ಪಾರ್ಲಿಮೆಂಟು. ಒಂದೇ ಕಾರಣದಿಂದ ಎರಡು ವಿರುದ್ಧ ಫಲಗಳು ಹುಟ್ಟಿದವೆಂದರೆ ನಾವು ಹೇಳುತ್ತಿರುವ ಕಾರಣ ಇನ್ನೂ ಒರಟಾಗಿದೆ ಎಂದೇ ಅರ್ಥ. ಫ್ರಾನ್ಸಿನ ಆಳ್ವಿಕೆಯನ್ನು ಬದಲಿಸಿದ್ದು ಕ್ರೆಸಿ, ಪ್ವಾಟಿಯೆ, ಅಜಿನ್‌ಕೋರ್ಟ್‌ಗಳಂಥ ಕಾಳಗಗಳಿಗಿಂತ ಹೆಚ್ಚಾಗಿ ಕಾಳಗಗಳ ನಡುವಿನ ಬಿಡುವು ಎಂಬುದು ಈ ಉಪನ್ಯಾಸದ ವಾದ. ಕದನವಿರಾಮಕ್ಕೆ ಸಹಿ ಬಿದ್ದ ಮರುದಿನ ಸಂಬಳ ನಿಂತುಹೋದ ಸೈನಿಕ ಎಲ್ಲಿಗೆ ಹೋದ, ಏನು ತಿಂದ ಎಂಬ ಪ್ರಶ್ನೆಯಿಂದ ಆ ರಾಜ್ಯದ ಖಜಾನೆ ಹೊಸದಾಗಿ ರೂಪುಗೊಂಡಿತು.

ಯುದ್ಧದ ಮೊದಲು ಫ್ರಾನ್ಸಿನ ದೊರೆ ದುರ್ಬಲನಾಗಿದ್ದ ಎಂದು ನಾನು ಹೇಳುತ್ತಿಲ್ಲ. ನಾಲ್ಕನೆಯ ಫಿಲಿಪ್ ಪೋಪನನ್ನೇ ಎದುರು ಹಾಕಿಕೊಂಡವನು. ಪ್ಯಾರಿಸಿನ ಉಚ್ಚ ನ್ಯಾಯಾಲಯ, ಲೆಕ್ಕಪತ್ರಗಳ ಕಚೇರಿ, ಕಾನೂನು ಓದಿದ ಅಧಿಕಾರಿಗಳ ಪಡೆ ಇವೆಲ್ಲ 1337ಕ್ಕೆ ಮುಂಚೆಯೇ ನೆಲೆಗೊಂಡಿದ್ದವು. ಆದ್ದರಿಂದ ಯುದ್ಧವೇ ಎಲ್ಲವನ್ನೂ ಮಾಡಿತು ಎನ್ನುವುದು ಅತಿಯಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಬಲಿಷ್ಠ ದೊರೆಗೂ ದಾಟಲಾಗದ ಒಂದು ಗೆರೆಯಿತ್ತು. ದೊರೆ ತನ್ನ ಸ್ವಂತ ಜಮೀನಿನ ಹುಟ್ಟುವಳಿಯಿಂದ ಬದುಕಬೇಕು. ಪ್ರಜೆಗಳ ಹಣ ಕೇಳುವುದಾದರೆ ಎದುರಿಗೆ ನಿಜವಾದ ಯುದ್ಧವಿರಬೇಕು. ಕಾರಣ ಹೋದರೆ ತೆರಿಗೆಯೂ ಹೋಗಬೇಕು. ಇದು ಬರಿಯ ಪಂಡಿತರ ಸೂತ್ರವಾಗಿರಲಿಲ್ಲ. 1313ರಲ್ಲಿ ಫ್ಲಾಂಡರ್ಸಿನ ಮೇಲೆ ದಂಡೆತ್ತಲೆಂದು ತೆರಿಗೆ ಹಾಕಿದ ಫಿಲಿಪ್, ಸಂಧಾನವಾದ ಮೇಲೆ ಅದನ್ನು ಹಿಂದಿರುಗಿಸಲು ಅಪ್ಪಣೆ ಕೊಟ್ಟ. ಮರುವರ್ಷ ದಂಡಯಾತ್ರೆ ನಡೆಯದಿದ್ದರೂ ವಸೂಲಿ ಮುಂದುವರಿದಾಗ ಪ್ರಾಂತಪ್ರಾಂತಗಳಲ್ಲಿ ಸರದಾರರು ಕೂಟ ಕಟ್ಟಿದರು. ಸಾಯುವ ಹಾಸಿಗೆಯಲ್ಲಿ ಅವನು ಆ ತೆರಿಗೆಯನ್ನೂ ರದ್ದು ಮಾಡಬೇಕಾಯಿತು. ಕಚೇರಿಗಳಿದ್ದವು, ಗುಮಾಸ್ತರಿದ್ದರು, ಶಾಂತಿಕಾಲದಲ್ಲಿ ಹಣ ಎತ್ತುವ ಹಕ್ಕು ಮಾತ್ರ ಇರಲಿಲ್ಲ. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಅಳಿಸಿಹೋದದ್ದು ಈ ಗೆರೆ.

1337ರಲ್ಲಿ ಆರನೆಯ ಫಿಲಿಪ್ ಗಾಸ್ಕನಿಯನ್ನು ಜಪ್ತಿ ಮಾಡಿದ. 1340ರಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಫ್ರಾನ್ಸಿನ ಕಿರೀಟವೇ ತನ್ನದೆಂದು ಘೋಷಿಸಿದ. ಮೊದಲ ಇಪ್ಪತ್ತು ವರ್ಷಗಳ ಯುದ್ಧವಂತೂ ಫ್ರಾನ್ಸಿನ ರಾಜಾಧಿಕಾರವನ್ನು ಬೆಳೆಸುವ ಬದಲು ಬೀದಿಗೆ ತಂದಿತು. 1346ರಲ್ಲಿ ಕ್ರೆಸಿಯ ಸೋಲು, ಮರುವರ್ಷ ಕ್ಯಾಲೆ ಪಟ್ಟಣ ಕೈಬಿಟ್ಟದ್ದು, 1348ರಲ್ಲಿ ಮಹಾಮಾರಿ. ತೆರಿಗೆ ಕೇಳಲು ಮುಖವಿಲ್ಲದ ದೊರೆಗಳು ನಾಣ್ಯದ ಬೆಳ್ಳಿಯನ್ನು ಕಡಿಮೆ ಮಾಡಿ ಲಾಭ ತೆಗೆದರು. ಇದರಿಂದ ಹೆಚ್ಚು ಪೆಟ್ಟು ತಿಂದವರು ನಿಗದಿತ ಗೇಣಿ ನಂಬಿ ಬದುಕುತ್ತಿದ್ದ ಭೂಮಾಲೀಕರು. 1355ರ ಕೊನೆಗೆ ಪಾದ್ರಿಗಳು, ಸರದಾರರು, ಪಟ್ಟಣಿಗರು ಸೇರುವ ಎಸ್ಟೇಟ್ಸ್ ಸಭೆ ಉಪ್ಪಿನ ಮೇಲೆ ಮತ್ತು ಮಾರಾಟದ ಮೇಲೆ ಸುಂಕಕ್ಕೆ ಒಪ್ಪಿತು. ಆದರೆ ಹಣ ಎತ್ತುವವರು, ಲೆಕ್ಕ ನೋಡುವವರು, ಸೈನಿಕರಿಗೆ ಹಂಚುವವರು ಎಲ್ಲರೂ ಸಭೆಯೇ ಆರಿಸಿದ ಜನ ಎಂಬ ಷರತ್ತು ಹಾಕಿತು. 1356ರ ಸೆಪ್ಟೆಂಬರಿನಲ್ಲಿ ಪ್ವಾಟಿಯೆಯಲ್ಲಿ ದೊರೆ ಎರಡನೆಯ ಜಾನ್ ಶತ್ರುವಿಗೆ ಸೆರೆಸಿಕ್ಕಮೇಲೆ ಸಭೆಯ ಧ್ವನಿ ಇನ್ನೂ ಏರಿತು. ಪ್ಯಾರಿಸಿನ ವರ್ತಕರ ಮುಖಂಡ ಏಟಿಯೆನ್ ಮಾರ್ಸೆಲ್ 1357ರಲ್ಲಿ ಸುಧಾರಣೆಯ ದೊಡ್ಡ ಶಾಸನವೊಂದನ್ನು ಯುವರಾಜನಿಂದ ಬಲವಂತವಾಗಿ ಹೊರಡಿಸಿದ. ಆ ವರ್ಷದ ನೋಟಕ್ಕೆ ಪಾರ್ಲಿಮೆಂಟಿನ ದಾರಿ ಹಿಡಿದಿದ್ದ ನಾಡು ಇಂಗ್ಲೆಂಡಿಗಿಂತ ಫ್ರಾನ್ಸೇ. ದಾರಿ ಮುರಿದದ್ದು 1358ರಲ್ಲಿ: ಹಳ್ಳಿಗರ ದಂಗೆ, ಅದನ್ನು ಸರದಾರರು ಅಡಗಿಸಿದ ಕ್ರೌರ್ಯ, ಪ್ಯಾರಿಸಿನಲ್ಲೇ ಮಾರ್ಸೆಲ್‌ನ ಕೊಲೆ. ಪಟ್ಟಣಿಗರನ್ನು ನಂಬಲಾರದ ಸರದಾರರು ಅಂದಿನಿಂದ ದೊರೆಯ ಕಡೆಗೆ ವಾಲಿದರು.

ನಿಜವಾದ ತಿರುವು ಬಂದದ್ದು ಶಾಂತಿಯ ಒಪ್ಪಂದದೊಂದಿಗೆ. 1360ರ ಬ್ರೆಟಿನ್ಯಿ ಒಪ್ಪಂದ ಜಾನ್ ದೊರೆಯ ಬಿಡುಗಡೆಗೆ 30 ಲಕ್ಷ ಚಿನ್ನದ ಎಕ್ಯೂಗಳ ಬೆಲೆ ಕಟ್ಟಿತು. ಮೊದಲು 6 ಲಕ್ಷ, ಆಮೇಲೆ ಆರು ವರ್ಷ ವರ್ಷಕ್ಕೆ 4 ಲಕ್ಷ. ಬಿಡುಗಡೆಯಾಗಿ ಪ್ಯಾರಿಸಿಗೆ ಮರಳುವ ಹಾದಿಯಲ್ಲಿ, ಡಿಸೆಂಬರ್ 5ರಂದು, ಜಾನ್ ಕಾಂಪಿಯೆನ್‌ನಲ್ಲಿ ಒಂದು ಶಾಸನ ಹೊರಡಿಸಿದ. ಉಪ್ಪಿನ ಬೆಲೆಯಲ್ಲಿ ಐದನೆಯ ಒಂದು ಪಾಲು, ವೈನಿನಲ್ಲಿ ಹದಿಮೂರನೆಯ ಒಂದು ಪಾಲು, ಮಾರಾಟವಾಗುವ ಉಳಿದ ಸರಕಿನ ಮೇಲೆ ಪೌಂಡಿಗೆ 12 ದೆನಿಯೆ, ಅಂದರೆ ನೂರಕ್ಕೆ ಐದು. ಇದರ ಜೊತೆಗೇ ಹೊಸ ಚಿನ್ನದ ನಾಣ್ಯ, ಫ್ರಾಂಕ್. ಅದರ ಮೇಲೆ ಕುದುರೆಯೇರಿ ಕತ್ತಿ ಎತ್ತಿರುವ ದೊರೆಯ ಚಿತ್ರ. ಸೆರೆಯಿಂದ ಈಗಷ್ಟೇ ಬಂದವನಿಗೆ ಈ ಭಂಗಿ ಸ್ವಲ್ಪ ಹೆಚ್ಚೇ ಆಯಿತು, ಇರಲಿ. ಮುಖ್ಯ ಮಾತು ನಾಣ್ಯದ ಬೆಲೆ ಇನ್ನು ಇಳಿಸುವುದಿಲ್ಲ ಎಂಬ ಭರವಸೆ. ಸ್ಥಿರ ನಾಣ್ಯ ಬೇಕಿದ್ದ ಭೂಮಾಲೀಕರಿಗೆ ಅದನ್ನು ಕೊಟ್ಟು, ಪ್ರತಿಯಾಗಿ ಸುಂಕವನ್ನು ದಕ್ಕಿಸಿಕೊಂಡ ವ್ಯವಹಾರ ಇದು. ಇದಕ್ಕೆ ಎಸ್ಟೇಟ್ಸ್ ಸಭೆ ಕರೆಯುವ ಅಗತ್ಯವೂ ಬೀಳಲಿಲ್ಲ. ಒಡೆಯ ಸೆರೆಸಿಕ್ಕರೆ ಅವನನ್ನು ಬಿಡಿಸಲು ಆಳುಗಳು ಹಣ ಕೊಡಬೇಕೆಂಬುದು ಸಾಮಂತಪದ್ಧತಿಯ ಹಳೆಯ ಕಟ್ಟಳೆ. ಕಟ್ಟಳೆಗೆ ಒಪ್ಪಿಗೆ ಕೇಳುವುದಿಲ್ಲ. ಸುಂಕ ಎತ್ತಲು ಯಂತ್ರವೂ ಸಿದ್ಧವಿತ್ತು: ದೊರೆಯನ್ನು ಹದ್ದಿನಲ್ಲಿಡಲೆಂದು 1355ರ ಸಭೆ ಹುಟ್ಟಿಸಿದ್ದ ಅಧಿಕಾರಿಗಳ ಜಾಲವನ್ನೇ ಅರಮನೆ ತನ್ನದಾಗಿಸಿಕೊಂಡಿತು. ಹುದ್ದೆ ಅದೇ, ನೇಮಕ ಮಾಡುವ ಕೈ ಬೇರೆ. ಊರೂರಿನ ಸುಂಕವನ್ನು ಗುತ್ತಿಗೆಗೆ ಹರಾಜು ಹಾಕಿದರು. ಗುತ್ತಿಗೆ ಹಿಡಿದ ಸ್ಥಳೀಯ ಸಾಹುಕಾರನಿಗೆ ಸುಂಕ ಮುಂದುವರಿಯುವುದರಲ್ಲೇ ಲಾಭ. ಬಿಡುಗಡೆಯ ಹಣ ಪೂರ್ತಿ ಸಂದಾಯವಾಗಲೇ ಇಲ್ಲ. ಸುಂಕ ಮಾತ್ರ ಆರು ವರ್ಷದ ಗಡುವು ದಾಟಿ ಇಪ್ಪತ್ತು ವರ್ಷ ನಡೆಯಿತು.

ಗಡುವು ದಾಟಿದರೂ ಜನ ಯಾಕೆ ಸಹಿಸಿದರು ಎಂದು ಕೇಳಿದರೆ ಕದನವಿರಾಮದ ಸೈನಿಕನ ಬಳಿಗೆ ಬರುತ್ತೇವೆ. ಒಪ್ಪಂದವಾದ ಕೂಡಲೇ ಎರಡೂ ಕಡೆಯ ದೊರೆಗಳು ಸಂಬಳ ನಿಲ್ಲಿಸಿದರು. ಇಂಗ್ಲಿಷರು, ಗಾಸ್ಕನರು, ಬ್ರೆಟನ್ನರು, ಜರ್ಮನ್ನರು ಬೆರೆತ ತುಕಡಿಗಳು ಊರಿಗೆ ಹೋಗುವ ಬದಲು ತಮ್ಮ ನಾಯಕರ ಕೆಳಗೇ ಉಳಿದು, ಕೋಟೆಗಳನ್ನು ಹಿಡಿದು, ಸುತ್ತಲಿನ ಹಳ್ಳಿಗಳಿಂದ ರಕ್ಷಣೆಯ ಹೆಸರಿನಲ್ಲಿ ಕಪ್ಪ ವಸೂಲಿಗೆ ನಿಂತವು. ಇವರನ್ನು ಓಡಿಸಲು ಹೋದ ರಾಜಸೈನ್ಯವನ್ನು 1362ರ ಏಪ್ರಿಲಿನಲ್ಲಿ ಲಿಯಾನ್ ಹತ್ತಿರದ ಬ್ರಿನ್ಯೆಯಲ್ಲಿ ಇವರೇ ಸೋಲಿಸಿದರು. ರಾಜವಂಶದ ಜಾಕ್ ದ ಬುರ್ಬೋ ಗಾಯಗೊಂಡು ಸತ್ತ. ಶಾಂತಿಕಾಲ ಯುದ್ಧಕ್ಕಿಂತ ದುಬಾರಿಯಾಯಿತು. 1363ರ ಕೊನೆಯಲ್ಲಿ ಆಮಿಯೆ ಪಟ್ಟಣದಲ್ಲಿ ಕೂಡಿದ ಸಭೆ ಉತ್ತರ ಫ್ರಾನ್ಸಿಗೆಲ್ಲ ಒಲೆ ಲೆಕ್ಕದ ತೆರಿಗೆಯನ್ನು ಒಪ್ಪಿಕೊಂಡಿತು. ಮನೆಯ ಶಕ್ತಿಗೆ ತಕ್ಕಂತೆ ಹಂಚಿದ ಈ ನೇರ ತೆರಿಗೆಯ ಹಣವೆಲ್ಲ ದರೋಡೆಕೋರ ತುಕಡಿಗಳ ವಿರುದ್ಧ ಸೈನಿಕರನ್ನಿಡಲು. ಆಗ ಇಂಗ್ಲೆಂಡಿನೊಂದಿಗೆ ಯುದ್ಧವಿರಲಿಲ್ಲ. ಕಾರಣ ಹೋದರೆ ತೆರಿಗೆ ಹೋಗಬೇಕೆಂಬ ಸೂತ್ರ ಸದ್ದಿಲ್ಲದೆ ಒಳಗಿಂದ ಟೊಳ್ಳಾದದ್ದು ಇಲ್ಲಿ: ಯುದ್ಧ ಹೋದರೂ ಕಾರಣ ಹೋಗಲಿಲ್ಲ, ಯಾಕೆಂದರೆ ಕಾರಣ ಈಗ ಊರಾಚೆಯ ಕೋಟೆಯಲ್ಲೇ ಕುಳಿತಿತ್ತು. ಐದನೆಯ ಚಾರ್ಲ್ಸ್ ಇದನ್ನು ಚೆನ್ನಾಗಿ ಅರಿತ. ಮುಂದೆ ಮಹಾದಂಡನಾಯಕನಾದ ದು ಗೆಕ್ಲೆಂನ ಜೊತೆ ತುಕಡಿಗಳನ್ನು ಸ್ಪೇನಿನ ಕಡೆಗೆ ಅಟ್ಟಿದ. 1374ರ ಶಾಸನದಲ್ಲಿ ದೊರೆಯ ಪತ್ರವಿಲ್ಲದೆ ಯಾರೂ ತುಕಡಿಯ ನಾಯಕನಾಗಕೂಡದೆಂದೂ, ಸೈನಿಕರ ಅಪರಾಧಗಳಿಗೆ ನಾಯಕನೇ ಹೊಣೆಯೆಂದೂ, ಹಾಜರಿ ತಪಾಸಣೆಯಾದ ಮೇಲೆಯೇ ಸಂಬಳವೆಂದೂ ವಿಧಿಸಿದ.

ಇಲ್ಲಿ ಎದುರಾಗುವ ಗಟ್ಟಿ ಆಕ್ಷೇಪವನ್ನು ಬದಿಗೆ ಸರಿಸುವಂತಿಲ್ಲ. ಇದೆಲ್ಲ ಅಷ್ಟು ಬೇರೂರಿದ್ದರೆ 1380ರ ಸೆಪ್ಟೆಂಬರಿನಲ್ಲಿ ಇದೇ ಚಾರ್ಲ್ಸ್ ಸಾಯುವ ದಿನ ಒಲೆತೆರಿಗೆಯನ್ನು ಯಾಕೆ ರದ್ದು ಮಾಡಿದ? ತೆಗೆದ ಸುಂಕಗಳನ್ನು ಮತ್ತೆ ಹೇರಲು ಹೋದಾಗ 1382ರಲ್ಲಿ ರುವಾಂ, ಪ್ಯಾರಿಸ್ ನಗರಗಳು ಯಾಕೆ ದಂಗೆಯೆದ್ದವು? ದೊರೆಯ ಮನಸ್ಸಾಕ್ಷಿಯಲ್ಲೂ ಜನರ ನೆನಪಿನಲ್ಲೂ ಹಳೆಯ ಸೂತ್ರ ಇನ್ನೂ ಜೀವಂತವಾಗಿತ್ತು ಎಂಬುದು ಇದಕ್ಕೆ ನೇರ ಉತ್ತರ. ಅದನ್ನು ನಾನು ಒಪ್ಪುತ್ತೇನೆ. ಶಾಶ್ವತ ತೆರಿಗೆ ಒಂದೇ ಸಲಕ್ಕೆ ಗೆದ್ದದ್ದಲ್ಲ, ಬಿದ್ದು ಎದ್ದು ಬಂದದ್ದು. ಆದರೆ ಎದ್ದ ಬಗೆಯನ್ನು ನೋಡಬೇಕು. 1382ರ ನವೆಂಬರಿನಲ್ಲಿ ರೋಸೆಬೆಕೆಯಲ್ಲಿ ಫ್ಲಾಂಡರ್ಸಿನ ಪಟ್ಟಣಿಗರನ್ನು ಸೋಲಿಸಿದ ಸೈನ್ಯ ಹಾಗೆಯೇ ಪ್ಯಾರಿಸಿಗೆ ಬಂದು ಇಳಿಯಿತು. ಮುಂದಿನ ಜನವರಿಯಲ್ಲಿ ಆ ನಗರದ ಸ್ವಾಯತ್ತ ಹಕ್ಕುಗಳು ಹೋದವು, ಸುಂಕ ಮರಳಿತು. ದೊಡ್ಡ ಸಾಮಂತರು ತಡೆಯಲಿಲ್ಲ. ತಮ್ಮ ತಮ್ಮ ಸೀಮೆಯ ಸುಂಕದಲ್ಲಿ ಅವರಿಗೂ ಪಾಲು ಸಿಗತೊಡಗಿತ್ತು, ಅರಮನೆಯಿಂದ ವರ್ಷಾಶನ ಬರುತ್ತಿತ್ತು. ಆರನೆಯ ಚಾರ್ಲ್ಸ್‌ಗೆ 1392ರಿಂದ ಬುದ್ಧಿಭ್ರಮಣೆಯಾದಾಗ ಅವನ ಬಂಧುಗಳು ಒಬ್ಬರನ್ನೊಬ್ಬರು ಕೊಂದದ್ದೂ (1407ರಲ್ಲಿ ಒರ್ಲಿಯಾನಿನ ಲೂಯಿ, 1419ರಲ್ಲಿ ಬರ್ಗಂಡಿಯ ಜಾನ್) ಬಹುಪಾಲು ಈ ಸುಂಕದ ಹಣ ಯಾರ ಕೈಯಲ್ಲಿರಬೇಕೆಂಬ ಜಗಳದಲ್ಲೇ. ಬೆಲೆಯಿಲ್ಲದ ವಸ್ತುವಿಗೆ ಯಾರೂ ಇಷ್ಟು ರಕ್ತ ಸುರಿಸುವುದಿಲ್ಲ. ಅಂತರ್ಯುದ್ಧದ ನಡುವೆ 1418ರ ಹೊತ್ತಿಗೆ ಸುಂಕಗಳನ್ನು ಎರಡೂ ಬಣಗಳು ಜನರ ಓಲೈಕೆಗಾಗಿ ಬಿಟ್ಟುಕೊಟ್ಟವು. 1420ರ ತ್ರ್ವಾ ಒಪ್ಪಂದದಿಂದ ಕಿರೀಟವೇ ಇಂಗ್ಲಿಷರ ಕಡೆ ಹೋಗುವಂತಾಯಿತು.

ಏಳನೆಯ ಚಾರ್ಲ್ಸ್‌ನ ಕಥೆಯಲ್ಲಿ ಜೋನ್ ಆಫ್ ಆರ್ಕ್, 1429ರ ಒರ್ಲಿಯಾನ್, ರೈಂಸ್‌ನ ಪಟ್ಟಾಭಿಷೇಕ ಎಲ್ಲರಿಗೂ ಗೊತ್ತು. ಆಡಳಿತದ ಚರಿತ್ರೆಗೆ ಅವಕ್ಕಿಂತ 1435 ಮುಖ್ಯ. ಆ ವರ್ಷ ಆರಾಸ್‌ನಲ್ಲಿ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನೊಡನೆ ರಾಜಿಯಾದ. ರಾಜಿಯಾದದ್ದೇ ತಡ, ಕೆಲಸ ಕಳೆದುಕೊಂಡ ತುಕಡಿಗಳು ಎಪ್ಪತ್ತು ವರ್ಷದ ಹಿಂದಿನ ಕಥೆಯನ್ನೇ ಮತ್ತೆ ಆಡಿದವು. ದಾರಿಹೋಕರ ಮೈಮೇಲಿನ ಅಂಗಿಯನ್ನೂ ಬಿಡದ ಇವರಿಗೆ ಜನ ತೊಗಲು ಸುಲಿಯುವವರೆಂದು ಹೆಸರಿಟ್ಟರು. 1439ರಲ್ಲಿ ಒರ್ಲಿಯಾನಿನಲ್ಲಿ ಎಸ್ಟೇಟ್ಸ್ ಸಭೆ ಸೇರಿದಾಗ ಮುಂದಿದ್ದ ದೂರು ಇದೇ. ನವೆಂಬರ್ 2ರ ಶಾಸನ ಎರಡು ಮಾತನ್ನು ಒಟ್ಟಿಗೆ ಹೇಳಿತು: ದೊರೆಯ ಹೊರತು ಯಾರೂ ಸೈನ್ಯ ಕಟ್ಟಕೂಡದು, ದೊರೆಯ ಅನುಮತಿಯಿಲ್ಲದೆ ಯಾವ ಸರದಾರನೂ ತನ್ನ ಜನರಿಂದ ‘ತಾಯ್’ ಎಂಬ ನೇರ ತೆರಿಗೆ ಎತ್ತಕೂಡದು. ಸರದಾರರು ಮರುವರ್ಷವೇ ಯುವರಾಜ ಲೂಯಿಯನ್ನು ಮುಂದಿಟ್ಟುಕೊಂಡು ಬಂಡೆದ್ದರು, ಸೋತರು, ಸೋತಮೇಲೆ ಹಲವರು ವರ್ಷಾಶನ ಪಡೆದು ಸುಮ್ಮನಾದರು. 1444ರ ತೂರ್ ಕದನವಿರಾಮದ ಮೇಲೆ ಯುವರಾಜನೇ ಈ ಪುಂಡರನ್ನು ಸ್ವಿಸ್ ಗಡಿಗೆ ಕರೆದುಕೊಂಡು ಹೋದ. ಅಲ್ಲಿ ಸತ್ತಷ್ಟು ಸತ್ತರು. ಉಳಿದವರಲ್ಲಿ ಯೋಗ್ಯರನ್ನು ಆರಿಸಿ 1445ರಲ್ಲಿ ಕಾಯಂ ತುಕಡಿಗಳನ್ನು ಕಟ್ಟಿದರು. ಲೆಕ್ಕ ಸರಳ: 15 ತುಕಡಿ, ತುಕಡಿಗೆ 100 ‘ಲಾನ್ಸ್’, ಲಾನ್ಸಿಗೆ ಆರು ಜನ. ಪೂರ್ಣ ಕವಚ ತೊಟ್ಟ ಒಬ್ಬ ಸವಾರ, ಅವನ ಬೆಂಬಲಕ್ಕೆ ಹಗುರ ಆಯುಧದವನೊಬ್ಬ, ಒಬ್ಬ ಹುಡುಗ, ಇಬ್ಬರು ಬಿಲ್ಲುಗಾರರು, ಒಬ್ಬ ಆಳು. ಇವರನ್ನು ಪಟ್ಟಣಗಳಿಗೆ ಸಣ್ಣ ಸಣ್ಣ ಗುಂಪಾಗಿ ಹಂಚಿ, ಧಾನ್ಯ, ವೈನು, ಮಾಂಸ, ಕುದುರೆಯ ಮೇವು ಎಲ್ಲವನ್ನೂ ಆ ಊರವರೇ ಪೂರೈಸಬೇಕೆಂದು ಗೊತ್ತುಮಾಡಿದರು. ಬರಬರುತ್ತ ಅದು ನಗದಾಗಿ ತಾಯ್ ತೆರಿಗೆಯಲ್ಲಿ ಸೇರಿತು. ಆಯ್ಕೆಯಾಗದವರು ಕ್ಷಮಾಪತ್ರ ಹಿಡಿದು ದೊಡ್ಡ ಗದ್ದಲವಿಲ್ಲದೆ ಊರಿಗೆ ಮರಳಿದ್ದು ಸಮಕಾಲೀನರಿಗೂ ಅಚ್ಚರಿ ತಂದಿತ್ತು. 1448ರಲ್ಲಿ ಪ್ರತಿ ಪ್ಯಾರಿಷ್‌ನಿಂದ ಒಬ್ಬ ಬಿಲ್ಲುಗಾರನನ್ನು ಆರಿಸಿ, ತೆರಿಗೆ ವಿನಾಯಿತಿ ಕೊಟ್ಟು, ಕರೆದಾಗ ಬರಲು ಕಟ್ಟು ಮಾಡಿದರು.

ಗೆಲುವಿನ ಪ್ರತಿಷ್ಠೆಯಿಂದ ಚಾರ್ಲ್ಸ್‌ಗೆ ಇದೆಲ್ಲ ಸಾಧ್ಯವಾಯಿತು ಎನ್ನುವವರಿದ್ದಾರೆ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ವಾದ ನಿಲ್ಲುವುದಿಲ್ಲ. ಕಾಯಂ ತುಕಡಿಗಳು ಹುಟ್ಟಿದ್ದು 1445ರಲ್ಲಿ. ನಾರ್ಮಂಡಿ ಮರಳಿ ಸಿಕ್ಕಿದ್ದು 1449–50ರಲ್ಲಿ, ಬಿಯೂರೋ ಸೋದರರ ಫಿರಂಗಿಗಳು ಕಾಸ್ಟಿಯೋಂನಲ್ಲಿ ಕೊನೆಯ ಇಂಗ್ಲಿಷ್ ಸೈನ್ಯವನ್ನು ಮುರಿದದ್ದು 1453ರ ಜುಲೈ 17ರಂದು. ಸೈನ್ಯ ಮೊದಲು, ಗೆಲುವು ಆಮೇಲೆ. ದೊರೆಯ ವ್ಯಕ್ತಿತ್ವದ ಮಾತೂ ಅಷ್ಟೇ. ಸೆರೆಯಾಳಾಗಿದ್ದ ಜಾನ್, ರೋಗಿಷ್ಠನಾದ ಐದನೆಯ ಚಾರ್ಲ್ಸ್, ದಶಕಗಳ ಕಾಲ ಆಸ್ಥಾನಿಕರ ಕೈಗೊಂಬೆ ಎನಿಸಿಕೊಂಡ ಏಳನೆಯ ಚಾರ್ಲ್ಸ್, ಈ ಮೂವರ ಸ್ವಭಾವಕ್ಕೆ ಸಾಮ್ಯವೇ ಇಲ್ಲ. ಮೂವರ ಕಾಲದಲ್ಲೂ ಮರಳಿ ಮರಳಿ ಬಂದದ್ದು ಸಂಬಳವಿಲ್ಲದ ಸೈನಿಕನ ಕಾಟ. ಇನ್ನು ಶಾಶ್ವತ ತೆರಿಗೆಗೆ ಯಾವ ಸಭೆ ಯಾವ ದಿನ ಒಪ್ಪಿತು ಎಂದು ಹುಡುಕಿದರೆ ಅಂಥ ದಿನವಿಲ್ಲ. 1439ರ ಸಭೆ ಒಪ್ಪಿದ್ದು ಆ ಸಲದ ಮೊತ್ತಕ್ಕೆ ಮಾತ್ರ. ಆಮೇಲೆ ಉತ್ತರದ ಎಸ್ಟೇಟ್ಸ್ ಸಭೆಯನ್ನು ಕರೆಯುವುದು ನಿಂತಿತು, ವಸೂಲಿ ನಿಲ್ಲಲಿಲ್ಲ. ಹಕ್ಕು ರೂಢಿಯಿಂದ ಹುಟ್ಟಿತು. ಚಾರ್ಲ್ಸ್‌ನ ಕೊನೆಗಾಲಕ್ಕೆ ರಾಜ್ಯದ ಒಟ್ಟು ವರಮಾನ ಸುಮಾರು 18 ಲಕ್ಷ ಲಿವ್ರ್. ಅದರಲ್ಲಿ ತಾಯ್ ಒಂದೇ ಸುಮಾರು 12 ಲಕ್ಷ. ಇದಕ್ಕೆ ತೆತ್ತ ಬೆಲೆಯನ್ನು ಮರೆತು ಇದನ್ನು ನಿರಂಕುಶ ಪ್ರಭುತ್ವವೆಂದು ಕರೆಯುವುದೂ ಸರಿಯಲ್ಲ. ಸರದಾರರಿಗೆ ತಾಯ್ ತೆರಿಗೆಯಿಂದ ವಿನಾಯಿತಿ ಸಿಕ್ಕಿತು, ಕಾಯಂ ತುಕಡಿಗಳಲ್ಲಿ ಸಂಬಳದ ಹುದ್ದೆ ಸಿಕ್ಕಿತು. ಲಾಂಗ್‌ಡಾಕ್‌ನಂಥ ಪ್ರಾಂತಗಳ ಸಭೆಗಳು ತಮ್ಮ ತೆರಿಗೆಗೆ ತಾವೇ ಒಪ್ಪಿಗೆ ಕೊಡುವ ಹಕ್ಕನ್ನು ಉಳಿಸಿಕೊಂಡವು. ಭಾರ ಬಿದ್ದದ್ದು ಹಳ್ಳಿಯ ರೈತನ ಮೇಲೆ. ರಾಜಾಧಿಕಾರ ಬೆಳೆದದ್ದು ಸರದಾರರನ್ನು ತುಳಿದಲ್ಲ, ಅವರನ್ನು ತೆರಿಗೆಯ ಫಲಾನುಭವಿಗಳನ್ನಾಗಿಸಿ.

ಈಗ ಇಂಗ್ಲೆಂಡ್. ಅಲ್ಲಿಯ ಸೈನಿಕನೂ ಕರಾರಿನ ಮೇಲೆ ಬಂದವನೇ: ನಾಯಕನೊಬ್ಬ ದೊರೆಯೊಡನೆ ಇಷ್ಟು ಜನ, ಇಷ್ಟು ತಿಂಗಳು, ಇಷ್ಟು ದಿನಗೂಲಿ ಎಂದು ಪತ್ರ ಬರೆದುಕೊಂಡು ಆಳು ಕೂಡಿಸುತ್ತಿದ್ದ. ಆದರೆ ಕರಾರು ಮುಗಿಯುವಾಗ ಅವನು ಇರುತ್ತಿದ್ದದ್ದು ಕಡಲಾಚೆ, ಫ್ರಾನ್ಸಿನ ನೆಲದಲ್ಲಿ. ಅವನ ಹಸಿವು ಫ್ರಾನ್ಸಿನ ರೈತನಿಗೆ ಸೇರಿದ ಸಮಸ್ಯೆ. ಕೆಂಟ್ ಅಥವಾ ಯಾರ್ಕ್‌ಷೈರಿನ ಪ್ರಜೆಗೆ ಶಾಂತಿಯೆಂದರೆ ಶಾಂತಿಯೇ. ಆದ್ದರಿಂದ ಪ್ರತಿ ದಂಡಯಾತ್ರೆಗೂ ದೊರೆ ಹೊಸದಾಗಿ ಕಾರಣ ಹೇಳಿ ಹೊಸದಾಗಿ ಕೈಚಾಚಬೇಕಿತ್ತು, ಪಾರ್ಲಿಮೆಂಟು ಪ್ರತಿ ಸಲವೂ ಏನನ್ನಾದರೂ ಬರೆಸಿಕೊಳ್ಳುತ್ತಿತ್ತು. 1340ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯಿಲ್ಲವೆಂದೂ 1362ರಲ್ಲಿ ಉಣ್ಣೆಯ ಮೇಲೂ ಹಾಗೆಯೇ ಎಂದೂ ಶಾಸನವಾಯಿತು. 1376ರಲ್ಲಿ ಕಾಮನ್ಸ್ ಸಭೆ ಪೀಟರ್ ಡಿ ಲಾ ಮೇರ್‌ನ ಮುಂದಾಳ್ತನದಲ್ಲಿ ದೊರೆಯ ಆಪ್ತರನ್ನೇ ವಿಚಾರಣೆಗೆ ಎಳೆಯಿತು. ಸಭೆಯ ಒಪ್ಪಿಗೆಯಿದ್ದೂ ಜನರ ತಾಳ್ಮೆ ಮೀರಿದರೆ ಏನಾಗುತ್ತದೆಂಬುದನ್ನು 1380ರ ತಲೆಗಂದಾಯ ಮತ್ತು ಮರುವರ್ಷದ ರೈತದಂಗೆ ತೋರಿಸಿದವು. ಪಾರ್ಲಿಮೆಂಟು ದೊರೆಗೆ ಬರಿಯ ಅಡ್ಡಿಯಾಗಿತ್ತು ಎಂದೂ ತಿಳಿಯಬಾರದು. ಅದು ಒಪ್ಪಿದ ಹಣ ದಂಗೆಯಿಲ್ಲದೆ ಬೇಗ ಕೈಸೇರುತ್ತಿತ್ತು. ಐದನೆಯ ಹೆನ್ರಿಯ ಗೆಲುವುಗಳಿಗೆ ಅದೇ ಬಲ.

ಇಂಗ್ಲಿಷರ ಕಾನೂನುಪ್ರೇಮವೇ ಈ ವ್ಯತ್ಯಾಸಕ್ಕೆ ಕಾರಣ ಎಂಬ ವಿವರಣೆ ಹಳೆಯದು. ಲ್ಯಾಂಕಾಸ್ಟರ್ ಪಕ್ಷದ ನ್ಯಾಯಾಧೀಶ ಜಾನ್ ಫೋರ್ಟೆಸ್ಕ್ಯೂ 1460ರ ದಶಕದಲ್ಲಿ ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿದ್ದು ಅಲ್ಲಿಯ ರೈತನ ಬಡತನವನ್ನು ಕಂಡು, ಪ್ರಜೆಗಳ ಒಪ್ಪಿಗೆಯಿಂದ ಆಳುವ ದೊರೆಗೂ ತನ್ನಿಚ್ಛೆಯಿಂದ ಆಳುವ ದೊರೆಗೂ ಇರುವ ಅಂತರವಾಗಿ ಅದನ್ನು ವಿವರಿಸಿದ. ಕಂಡದ್ದು ನಿಜ, ಕಾರಣ ಅರ್ಧ ನಿಜ. ಇದಕ್ಕೆ ನಾರ್ಮಂಡಿಯೇ ಪರೀಕ್ಷೆ. 1417ರಿಂದ 1450ರವರೆಗೆ ಆ ಸೀಮೆಯನ್ನು ಹಿಡಿದಿದ್ದ ಇಂಗ್ಲಿಷ್ ದೊರೆಯ ಆಡಳಿತ ಅಲ್ಲಿ ಉಪ್ಪಿನ ಸುಂಕ, ಮಾರಾಟದ ಸುಂಕ, ತಾಯ್ ಎಲ್ಲವನ್ನೂ ಎತ್ತಿತು. ಕೋಟೆಕೋಟೆಯಲ್ಲಿ ವರ್ಷಪೂರ್ತಿ ಪಡೆಯಿಟ್ಟು ಹಾಜರಿ ಪಟ್ಟಿ ಬರೆಸಿತು. ಪ್ರಾಂತದ ಸಭೆಯನ್ನು ಕರೆದು ಒಪ್ಪಿಗೆ ಪಡೆಯುತ್ತಿತ್ತು ಎಂಬುದು ದಿಟ, ಆದರೆ ಕೋಟೆಯಲ್ಲಿ ಸೈನಿಕರು ಕುಳಿತಿರುವಾಗ ಆ ಸಭೆ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಅಂದರೆ ಲಂಡನ್ನಿನಲ್ಲಿ ಕೈಚಾಚುವ ದೊರೆಯೇ ರುವಾಂನಲ್ಲಿ ಫ್ರಾನ್ಸಿನ ದೊರೆಯಂತೆ ನಡೆದುಕೊಂಡ. ಬದಲಾದದ್ದು ಸೈನಿಕ ನಿಂತ ನೆಲ. ನಾರ್ಮಂಡಿ ಕಳೆದುಹೋದ 1450ರಲ್ಲಿ ಸಂಬಳ ಸಿಗದ ಸೈನಿಕರು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಇಂಗ್ಲೆಂಡಿಗೆ ಮರಳಿದರು. ಆ ಬೇಸಿಗೆಯಲ್ಲೇ ಕೆಂಟ್‌ನಲ್ಲಿ ಜ್ಯಾಕ್ ಕೇಡ್‌ನ ದಂಗೆ ಎದ್ದಿತು. ಹಾಗಾದರೆ ಇಂಗ್ಲೆಂಡಿನಲ್ಲೂ ಆಗ ಕಾಯಂ ಸೈನ್ಯ, ಕಾಯಂ ತೆರಿಗೆ ಯಾಕೆ ಹುಟ್ಟಲಿಲ್ಲವೆಂದು ಕೇಳಬಹುದು. ಒಂದು, ಒಪ್ಪಿಗೆಯ ಪದ್ಧತಿಗೆ ಅಷ್ಟರಲ್ಲಿ ನೂರು ವರ್ಷ ತುಂಬಿತ್ತು. ಎರಡು, 1449ರಲ್ಲೇ ಕಿರೀಟದ ಸಾಲ 3,72,000 ಪೌಂಡ್ ಎಂದು ಪಾರ್ಲಿಮೆಂಟಿಗೆ ಲೆಕ್ಕ ಕೊಟ್ಟಿದ್ದ ಸರ್ಕಾರದಲ್ಲಿ, 1453ರ ಆಗಸ್ಟಿನಲ್ಲಿ ಆರನೆಯ ಹೆನ್ರಿಯ ಬುದ್ಧಿಯೇ ಕದಡಿಹೋಯಿತು. ಹಿಂದಿರುಗಿದ ಸೈನಿಕರಿಗೆ ಕೂಲಿ ಕೊಟ್ಟವರು ದೊರೆಯ ಬದಲು ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಿದ್ದ ಶ್ರೀಮಂತ ಮನೆತನಗಳು, ಆಮೇಲೆ ನಡೆದದ್ದು ಗುಲಾಬಿಗಳ ಯುದ್ಧ.

ಫ್ರಾನ್ಸಿನಲ್ಲೇ ಇದನ್ನು ಮೆಚ್ಚದವರಿದ್ದರು. ಲಿಸ್ಯೂನ ಬಿಷಪ್ ತೋಮಾ ಬಾಜೆಂ ಶಾಂತಿಕಾಲದಲ್ಲೂ ಸೈನ್ಯ ಸಾಕುವುದು ಜನರನ್ನು ಶಾಶ್ವತವಾಗಿ ಬರಡು ಮಾಡುವ ಕ್ರಮವೆಂದು ಬರೆದ. ಹನ್ನೊಂದನೆಯ ಲೂಯಿಯ ಆಪ್ತನಾಗಿದ್ದ ಕೊಮಿನ್ ಕೂಡ ಎಸ್ಟೇಟ್ಸ್ ಒಪ್ಪಿಗೆಯಿಲ್ಲದೆ ತಾಯ್ ಎತ್ತುವುದನ್ನು ಶುರುಮಾಡಿದ ಏಳನೆಯ ಚಾರ್ಲ್ಸ್‌ನ ಆತ್ಮಕ್ಕೆ ಅದೊಂದು ಹೊರೆ ಎಂದೇ ಭಾವಿಸಿದ. ಲೂಯಿ ಆ ಹೊರೆಯನ್ನು ಮೂರು ಪಟ್ಟಿಗೂ ಮೀರಿ ಏರಿಸಿದ. ಅವನು ತೀರಿಕೊಂಡ ಮೇಲೆ 1484ರಲ್ಲಿ ತೂರ್‌ನಲ್ಲಿ ಕೂಡಿದ ಎಸ್ಟೇಟ್ಸ್ ಸಭೆ ತಾಯ್‌ಯನ್ನು ಇಳಿಸಿ, ಎರಡು ವರ್ಷದಲ್ಲಿ ತನ್ನನ್ನು ಮತ್ತೆ ಕರೆಯಬೇಕೆಂದು ಕೇಳಿತು. ರಾಜ್ಯವ್ಯಾಪಿಯಾದ ಅಂಥ ಸಭೆ ಮತ್ತೆ ಕೂಡಿದ್ದು 1560ರಲ್ಲಿ. ಇದಕ್ಕೂ ಮೊದಲು, 1475ರಲ್ಲಿ, ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ಪಾರ್ಲಿಮೆಂಟಿನಿಂದ ಯುದ್ಧದ ಹಣ ಪಡೆದು, ದೊಡ್ಡ ಸೈನ್ಯದೊಂದಿಗೆ ಕ್ಯಾಲೆಯಲ್ಲಿ ಇಳಿದಿದ್ದ. ಲೂಯಿ ಕಾಳಗಕ್ಕೆ ನಿಲ್ಲಲಿಲ್ಲ. ಆಗಸ್ಟ್ ಕೊನೆಗೆ ಪಿಕಿನ್ಯಿಯ ಸೇತುವೆಯ ಮೇಲೆ ನಡೆದ ಭೇಟಿಯಲ್ಲಿ 75,000 ಕ್ರೌನ್ ಕೈಗೆ ಕೊಟ್ಟು, ವರ್ಷಕ್ಕೆ 50,000 ಕ್ರೌನ್ ಕೊಡುವುದಾಗಿ ಒಪ್ಪಿ, ಸೈನ್ಯವನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ. ಮುಂದಿನ ವರ್ಷಗಳಲ್ಲಿ ಎಡ್ವರ್ಡ್ ಪಾರ್ಲಿಮೆಂಟನ್ನು ಕರೆದದ್ದು ಅಪರೂಪ. ಅವನಿಗೆ ಬರುತ್ತಿದ್ದ ವರ್ಷಾಶನವನ್ನು ತಮ್ಮ ತೆರಿಗೆಯಿಂದ ತುಂಬುತ್ತಿದ್ದವರು ಫ್ರಾನ್ಸಿನ ರೈತರು.